ಡಯಲಿನ ಬೀಗ

ದುಬೈ ದೊರೆ ಫೌಸ್ಟಿನ್ ಸನ್ನಿಧಾನಕ್ಕೆ,

ಸ್ವರ್ಗದ ಪಿನ್‌ಕೋಡ್ ಅಂಚೆಯವರಿಗೂ ಗೊತ್ತಿಲ್ಲದ ಕಾರಣ ಈ ವರದಿ ನನ್ನ ಜೇಬಿನಲ್ಲೇ ಉಳಿಯುತ್ತದೆ.

ರಜೆಯಲ್ಲಿ ನೀನು ಮನೆಗೆ ತಂದ ಫೋನು ನೆನಪುಂಟಲ್ಲ? ಮೇಲೆ ಅಜ್ಜನ ಕಾಲದ ತಿರುಗುವ ಡಯಲು, ಕೆಳಗೊಂದು ಕೆಂಪು ಗುಂಡಿ. ಒತ್ತಿದರೆ ಕೊನೆಯ ಬಾರಿ ತಿರುಗಿಸಿದ ನಂಬರಿಗೆ ತಾನೇ ಕರೆ ಹೋಗುತ್ತದೆ. ನಿನ್ನನ್ನು ಮಣ್ಣಿಗಿಟ್ಟ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ.

ಇವತ್ತು ಸಂತೆಕಟ್ಟೆಯ ನನ್ನ ಸೈಕಲ್ ಅಂಗಡಿಯಲ್ಲಿ ಫೋನು ಬಡಿಯಿತು. ಎಂದಿನಂತೆ ಯಕ್ಷಗಾನದ ಗತ್ತಿನಲ್ಲಿ, "ಯಮಲೋಕದ ಕಚೇರಿ! ಚಿತ್ರಗುಪ್ತ ಮಾತನಾಡುತ್ತಿದ್ದೇನೆ" ಎಂದೆ. ಆ ಫೋನಿನಿಂದ ನೀನು ಮಾಡಿದ ಕೊನೆಯ ಕರೆಗೂ ಹಾಗೆಯೇ ಅಂದಿದ್ದೆ.

ಆಚೆ ನಿನ್ನ ಅಮ್ಮ, ಜೆರ್ಟ್ರೂಡ್ ಬಾಯಿ.

"ಲೀಲಾಧರಾ, ಅಲ್ಲಿ ನಮ್ಮ ಫೌಸ್ಟಿನ್ ಉಂಟಾ? ಒಮ್ಮೆ ಕೊಡು ಮಾರಾಯ."

ಮಾತಿನ ಮಲ್ಲನಾದ ನಾನು, "ಲೈನು ಎಂಗೇಜು ಬಾಯಿ" ಎಂದೆ.

"ಹಾಗಾದ್ರೆ ನಾಳೆ ಮಾಡ್ತೇನೆ."

ಸಂಜೆ ನಿಮ್ಮ ಮನೆಗೆ ಹೋದೆ. ಡಯಲಿಗೆ ಬೀಗ ಬಿದ್ದಿತ್ತು, ಅದರ ಕೀ ಜೆರ್ಟ್ರೂಡ್ ಬಾಯಿಯ ಜಪಸರದಲ್ಲಿತ್ತು.

"ಬೇರೆ ಯಾರಾದ್ರೂ ತಿರುಗಿಸಿದ್ರೆ ಅವನು ಮಾಡಿದ ನಂಬರು ಅಳಿಸಿ ಹೋಗ್ತದೆ, ಅಲ್ವಾ?" ಎಂದರು.

ನಾಳೆ ಅವರು ಗುಂಡಿ ಒತ್ತುತ್ತಾರೆ. ನಾನು ಎಂತ ಹೇಳಿ ಫೋನು ಎತ್ತಲಿ, ಮಾರಾಯ?

ಲೀಲಾಧರ