ಅವರು ಹಿಡಿದ ಉಪವಾಸ

ಸೋಮವಾರ, ಬೆಳಿಗ್ಗೆ

ನನ್ನ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇವತ್ತು ಉಪವಾಸ. ನೀರು ತುಂಬಿಸಿ, ಅಂಗಳ ಗುಡಿಸಿ, ದೇವರ ಮುಂದೆ ದೀಪ ಹಚ್ಚಿಟ್ಟು, ಹೊಲಿಗೆ ಮಿಷನ್ನಿನ ಮೇಲೇ ಕಾಗದ ಹರಡಿಕೊಂಡು ಕೂತಿದ್ದೇನೆ. ಶಾಲೆಯ ಯೂನಿಫಾರಮ್ಮುಗಳಿಗೆ ಗುಂಡಿ ಹಾಕುವುದಿದೆ, ಕಾಯಲಿ.

ನಿನ್ನ ಪತ್ರ ಓದಿದೆ. ಅಳಿಯಂದಿರು ನನ್ನ ಹಾಗೆ ಉಪವಾಸ ಹಿಡಿದಿದ್ದಾರೆ, ಖಾರ ಬಿಟ್ಟಿದ್ದಾರೆ, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ, ನಿನ್ನ ದೇವರು ಕೊನೆಗೂ ಇವರ ಕಿವಿ ಹಿಂಡಿದ ನೋಡಮ್ಮಾ ಅಂತ ಬರೆದಿದ್ದೀಯ. ಮೊದಲು ನಗು ಬಂತು. ಮತ್ತೊಮ್ಮೆ ಓದಿದಾಗ ನಿಮ್ಮಪ್ಪ ನೆನಪಾದರು.

ನಿಮ್ಮಪ್ಪ ಬೋರ್‌ವೆಲ್ ಲಾರಿಯ ಜೊತೆ ತಿಂಗಳುಗಟ್ಟಲೆ ಊರೂರು ಸುತ್ತಿದವರು. ನನ್ನ ಉಪವಾಸ ಕಂಡರೆ, ಹೊಟ್ಟೆ ಸುಟ್ಟು ದೇವರಿಗೆ ಲಂಚ ಕೊಡ್ತೀಯೇನೇ ಅಂತ ಕಾಡುತ್ತಿದ್ದರು. ಅಂಥವರು ಕೆಲಸ ಬಿಟ್ಟು ಮನೆಗೆ ಬಂದ ವರ್ಷ, ಇವತ್ತು ನಂದೂ ಉಪವಾಸ ಕಣೇ ಅಂದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಿಷನ್ನಿನ ಪಕ್ಕ ಕೂತು ದಾರ ಪೋಣಿಸಿಕೊಡುತ್ತಿದ್ದರು. ರೇಡಿಯೋದ ಭಜನೆಗೆ ತಪ್ಪುತಪ್ಪಾಗಿ ದನಿಗೂಡಿಸುತ್ತಿದ್ದರು. ಸಂಜೆಯಾದರೆ ಜ್ವರ ಬರುತ್ತಿತ್ತು, ಭೇದಿ ನಿಲ್ಲುತ್ತಿರಲಿಲ್ಲ. ಬಿಸಿಲಲ್ಲಿ ದುಡಿದ ಮೈ ಅಲ್ವೇನೇ ಅನ್ನುತ್ತಿದ್ದರು. ಇಡೀ ಸಂಸಾರದಲ್ಲಿ ಅಷ್ಟು ದಿನ ಇಬ್ಬರೂ ಒಟ್ಟಿಗೆ ಕೂತದ್ದೇ ಆಗ. ಈಗಲೂ ಆ ದಿನಗಳು ಬೇಕು ಅನ್ನಿಸುತ್ತವೆ, ನನ್ನ ಮನಸ್ಸು ನೋಡು.

ನೀರೂ ಇಳಿಯದಾದಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ್ಸಮ್ಮ ಬಾಯಿಗೆ ಟಾರ್ಚು ಬಿಟ್ಟರು. ನಾಲಿಗೆ, ಗಂಟಲು ಎಲ್ಲ ಮೊಸರು ಮೆತ್ತಿದ ಹಾಗೆ ಬೆಳ್ಳಗೆ. ಇವರು ತುಂಬಾ ಉಪವಾಸ ಮಾಡ್ತಾರೆ ಸಿಸ್ಟರ್ ಅಂತ ನಾನು ಹೆಮ್ಮೆಯಿಂದ ಹೇಳಿದೆ. ಅವರು ನನ್ನ ಕೈ ಹಿಡಿದು, ಅಕ್ಕಾ, ಇದು ಉಪವಾಸ ಅಲ್ಲ, ಇವರಿಗೆ ನುಂಗೋಕೇ ಆಗ್ತಿಲ್ಲ ಅಂದರು. ರಕ್ತ ಪರೀಕ್ಷೆ ಮಾಡಿದರು. ಎಚ್‌ಐವಿ. ತುಂಬಾ ತಡವಾಗಿತ್ತು. ಹಾಸ್ಟೆಲಿನಲ್ಲಿದ್ದ ನಿನಗೆ ಕಾಮಾಲೆ ಅಂತ ಹೇಳಿದೆವು.

ಅಳಿಯಂದಿರಿಗೂ ಅದೇ ಅಂತ ನಾನು ಹೇಳುತ್ತಿಲ್ಲ. ಅವರಂತೆ ದೂರದ ಲಾರಿ ಓಡಿಸುವವರೆಲ್ಲ ಹಾಗೆ ಅಂತಲೂ ಅಲ್ಲ. ಅವರ ಬಾಯಿ ಒಂದು ಸಲ ನೋಡು. ಬೆಳ್ಳಗಿರಲಿ, ಇಲ್ಲದಿರಲಿ, ಇಬ್ಬರೂ ಹೋಗಿ ರಕ್ತ ಕೊಟ್ಟು ಬನ್ನಿ. ಅವರನ್ನು ಬೈಯಬೇಡ. ನೀನೀಗ ಎರಡು ಜೀವದವಳು. ಒಂದು ವೇಳೆ ಇದ್ದರೂ, ಈಗಲೇ ಗೊತ್ತಾದರೆ ಮಗುವಿಗೆ ದಾಟದಂತೆ ತಡೆಯಲು ಮಾತ್ರೆ ಇದೆ.

ಸದಾ ನಿನ್ನ ಒಳ್ಳೆಯದನ್ನೇ ಬೇಡುವ,
ಅಮ್ಮ

ತಾ.ಕ.: ಮಾತ್ರೆಯ ವಿಷಯ ನಿನಗೆ ಹೇಗೆ ಗೊತ್ತು ಅಂತ ಕೇಳುತ್ತೀಯ. ನಿಮ್ಮಪ್ಪ ತೀರಿಕೊಂಡ ವರ್ಷದಿಂದ ನಾನೂ ನುಂಗುತ್ತಿದ್ದೇನೆ. ಬಿ.ಪಿ. ಮಾತ್ರೆ ಅಂತ ನಿನಗೆ ಹೇಳಿದ್ದು ಅದೇ. ನಿನ್ನ ಮದುವೆಯಲ್ಲಿ ನನ್ನ ಓಡಾಟ ನೋಡಿದೆಯಲ್ಲ, ಹಾಗೇ ಗಟ್ಟಿಯಾಗಿದ್ದೇನೆ. ಈ ಪತ್ರ ತಂದ ನಿನ್ನ ಗಡಿಬಿಡಿ ಸೋದರಮಾವನಿಗೆ ಏನೂ ಗೊತ್ತಿಲ್ಲ. ಬಸ್ಸು ತಪ್ಪುತ್ತೆ ಅಂತ ಅವನು ಎಷ್ಟು ಕುಣಿದರೂ ಬಿಡಬೇಡ, ಪರೀಕ್ಷೆ ಮುಗಿಯುವವರೆಗೆ ಅಲ್ಲೇ ಉಳಿಸಿಕೋ. ನಿನ್ನ ಉತ್ತರ ಅವನೇ ತರಲಿ.