ಅಪ್ಪನ ಕಾಲಿಗೆ ಹೊಸ ಬ್ರೇಕು

ಮಾರ್ಚ್ ೯, ಭಾನುವಾರ

ಅಪ್ಪನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಲಕ್ವ ಹೊಡೆದ ಮೇಲೆ ಅವರ ಬಲಗಾಲಿನಲ್ಲಿ ಶಕ್ತಿಯಿಲ್ಲ. ಅವರ ಐವತ್ತು ವರ್ಷದ ಕಾರಿನ ಡ್ರಮ್ ಬ್ರೇಕನ್ನು ಕಾಲೂರಿ ತುಳಿಯಬೇಕು. ಅದಕ್ಕೇ ನಾನು ಎರಡು ತಿಂಗಳು ಕೂತು, ಇಂಜಿನ್ ಓಡುವಾಗ ಮೆಲ್ಲಗೆ ಒತ್ತಿದರೂ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಹಾಕಿದೆ.

ಇವತ್ತು ಮಧ್ಯಾಹ್ನ ಬ್ರೇಕ್ ಆಯಿಲ್ ಪೈಪಿನಲ್ಲಿ ಸಿಕ್ಕಿದ ಗಾಳಿ ತೆಗೆಯುವ ಕೆಲಸ; ಗಾಳಿ ಉಳಿದರೆ ಬ್ರೇಕ್ ಸರಿಯಾಗಿ ಹಿಡಿಯದು. ಇಂಜಿನ್ ಚಾಲೂ ಇತ್ತು; ಅಪ್ಪ ಸೀಟಿನಲ್ಲಿ, ನಾನು ಚಕ್ರದ ಪಕ್ಕ ಅಂಗಾತ.

"ಒತ್ತಪ್ಪ."

"ಒತ್ತಿದೆ."

"ಹಾಗೇ ಹಿಡ್ಕೊ."

ಗಾಳಿ ಬಿಡುವ ನಿಪ್ಪಲ್ ಸಡಿಲಿಸಿದರೆ ಆಯಿಲ್ ಒಮ್ಮೆ ಚಿಮ್ಮುತ್ತಿತ್ತು, ಒಮ್ಮೆ ಬರುತ್ತಲೇ ಇರಲಿಲ್ಲ. ಎಲ್ಲೋ ಸೋರುತ್ತಿದೆಯೆಂದು ಎಲ್ಲವನ್ನೂ ಮತ್ತೆ ಬಿಗಿದೆ. ಎದ್ದು ನೋಡಿದರೆ ಅಪ್ಪ ಎರಡೂ ಕೈಯಿಂದ ತಮ್ಮ ಮೊಣಕಾಲನ್ನು ಕೆಳಗೆ ಅದುಮುತ್ತಿದ್ದರು. ಬೆವರು ಕುತ್ತಿಗೆಗೆ ಇಳಿದಿತ್ತು. ನನ್ನನ್ನು ಕಂಡು ಕೈ ತೆಗೆದರು. ಪೆಡಲ್ ಮೇಲೆದ್ದಿತು.

"ಇನ್ನೂ ಗಾಳಿ ಇದೆಯಪ್ಪ, ನನ್ನ ಕೆಲಸಾನೇ ಸರಿಯಾಗಿಲ್ಲ," ಎಂದೆ.

ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರೇ ಅವರು. "ಹೂಂ ಕಣಮ್ಮ, ಗಾಳಿ ಇರ್ಬೇಕು," ಎಂದರು.

ಅವರು ಒಳಗೆ ಹೋದ ಮೇಲೆ ಮತ್ತೆ ಇಂಜಿನ್ ಚಾಲೂ ಮಾಡಿ ಬೆರಳ ತುದಿಯಿಂದ ಪೆಡಲ್ ಒತ್ತಿದೆ. ಹಗುರವಾಗಿ ಇಳಿದು ಗಟ್ಟಿಯಾಗಿ ನಿಂತಿತು. ಇಷ್ಟು ಒಳ್ಳೆಯ ಬ್ರೇಕನ್ನು ನಾನು ಯಾರ ಕಾರಿಗೂ ಹಾಕಿರಲಿಲ್ಲ.

ನಾಳೆ ಅಪ್ಪ, ಮತ್ತೆ ಕೂತು ಒತ್ತಲಾ ಎಂದು ಕೇಳಿದರೆ, ಇನ್ನೂ ಗಾಳಿ ಇದೆ ಅಂತಲೇ ಹೇಳಲಾ?