ನಾಲ್ಕು ಪಾಲಾದ ಪುಸ್ತಕ

ಅಮ್ಮಾ,

ಓದಲು ನೀನಿಲ್ಲ. ಆದರೂ ನಿನಗೆ ವರದಿ ಒಪ್ಪಿಸದೆ ನಿದ್ದೆ ಬಾರದು.

ಈ ವಯಸ್ಸಿನಲ್ಲಿ ಕಾನೂನು ಕಾಲೇಜು ಸೇರಿದ್ದೇನೆ. ತರಗತಿಗೆಲ್ಲ ನಾನು ಆಂಟಿ. ಪಠ್ಯಪುಸ್ತಕದ ಬೆಲೆ ಒಬ್ಬೊಬ್ಬರ ಕೈಗೆಟುಕುವಂತಿರಲಿಲ್ಲ. ನಮ್ಮ ಬೆಂಚಿನ ನಾಲ್ವರೂ ಕೂಡಿ ಒಂದೇ ಕೊಂಡೆವು. ಆಮೇಲೆ, ಅದು ಯಾರ ಮನೆಗೆ ಹೋಗಬೇಕೆಂದು ದಿನವೂ ವಾದ. ವಕೀಲಿಕೆ ಓದುವವರು, ಜಗಳಕ್ಕೆ ಕೇಳಬೇಕೇ?

ಇವತ್ತು ಕ್ಯಾಂಟೀನಿನಲ್ಲಿ ಪುಸ್ತಕದ ಬೆನ್ನಿಗೇ ಬ್ಲೇಡು ಹಾಕಿದೆ.

"ಅಯ್ಯೋ ಆಂಟಿ, ಏನ್ ಮಾಡ್ತಿದ್ದೀರಾ!" ಎಂದು ಹುಡುಗಿಯರು ಕಿರುಚಿದರು.

"ಬೈಂಡರ್ ಮಗಳು ಕಣ್ರೇ ನಾನು. ಸುಮ್ನೆ ನೋಡ್ತಿರಿ."

ನಿನ್ನ ಹಾಗೆಯೇ ದಾರಕ್ಕೆ ಮೇಣ ಸವರಿ, ನಾಲ್ಕು ತೆಳು ಪುಸ್ತಕ ಹೊಲಿದುಕೊಟ್ಟೆ. ನನಗೂ ತಮ್ಮನಿಗೂ ನೀನು ಒಂದೇ ನಿಘಂಟನ್ನು ಎರಡು ಮಾಡಿ ಹಂಚಿದ್ದೆಯಲ್ಲ! ಎಷ್ಟೇ ಮುನಿಸಿದ್ದರೂ, ಅರ್ಥ ಬೇಕಾದಾಗ ಒಬ್ಬರನ್ನೊಬ್ಬರು ಮಾತಾಡಿಸಲೇಬೇಕಿತ್ತು. ಎಂಥ ತಲೆಯಮ್ಮ ನಿನ್ನದು! ಇವತ್ತು ನಾವು ನಾಲ್ವರೂ ನಗುತ್ತಾ, ಪಾಲು ಬದಲಿಸುವ ದಿನ ಗೊತ್ತುಮಾಡಿಕೊಂಡೆವು.

ಹಳೆಯ ದಪ್ಪ ರಟ್ಟು ಮಾತ್ರ ಯಾರಿಗೂ ಬೇಡವಾಯಿತು. ಮನೆಗೆ ತಂದು, ಈ ಪತ್ರವನ್ನು ಅದರೊಳಗೆ ಇಡುತ್ತಿದ್ದೇನೆ. ಒಂದು ಹಾಳೆಗೆ ಅದು ತೀರಾ ದೊಡ್ಡದು.

ಇರಲಿ, ನಿನಗೆ ಹೇಳುವುದು ಇನ್ನೂ ಇದೆ.